ಹುಡುಗಿ ಸಿಕ್ಕಾಳಂತ ಹೇಳ್ರಿ

ಘಟ್ಟ ಇಳಿಯುವಾಗ

ನಮ್ಮ ಅಜ್ಜಿಯ ಕಾಲಕ್ಕೆ ಗೋವಾ ಖರೆಯೇ ಪರದೇಶ. ಪರಂಗಿಯವರ ರಾಜ್ಯ, ಗಡಿಯಲ್ಲಿ ಗಂಟು ಬಿಚ್ಚಿಸಿ ನೋಡುತ್ತಿದ್ದರಂತೆ. ನನ್ನ ಕಾಲಕ್ಕೆ ಅದು ಧಾರವಾಡದಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಹೊತ್ತು ಮುಳುಗುವುದರೊಳಗೆ ಮುಟ್ಟುವ ಊರು. ಆದರೂ ಮದುವೆಯಾದ ಮೇಲೆ ಒಲೆ ಬಿಟ್ಟು ಒಬ್ಬಳೇ ಎಲ್ಲಿಗೂ ಹೋಗದ ನನಗೆ ಗಡಿಯ ಕ್ಯಾಸಲ್‌ರಾಕ್ ದಾಟಿದ್ದೇ ಪರದೇಶವಾಯಿತು. ಮಾತು ಬೇರೆ, ಊಟ ಬೇರೆ, ಮಣ್ಣಿನ ಬಣ್ಣ ಬೇರೆ. ಇನ್ನೇನು ಬೇಕು?

ಕರೆದವಳು ಅಕ್ಕನ ಮಗಳು ಪಲ್ಲವಿ. ಮಡಗಾಂವಿನಲ್ಲಿ ರೂಮು ಮಾಡಿಕೊಂಡು ಸಂಶೋಧನೆ ಮಾಡುತ್ತಿದ್ದಳು. ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಸುಳ್ಳು ಸುದ್ದಿ ಹೇಗೆ ಊರೂರು ತಿರುಗುತ್ತದೆ, ಅದನ್ನು ತಿದ್ದುವುದು ಹೇಗೆ ಎಂಬುದು ಅವಳ ವಿಷಯ. ಇದೂ ಒಂದು ಓದೇನು ಎಂದು ಅವಳ ಅಪ್ಪನಿಗೆ ಸಿಟ್ಟು. ಎರಡು ಸಾವಿರದ ಹನ್ನೊಂದರ ಕಾರ್ತೀಕದಲ್ಲಿ ನನಗೆ ಫೋನ್ ಮಾಡಿದಳು. ಗೋವಾದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕಡೆಯ ಮಂದಿಯ ಮನೆಗಳಿಗೆ ಹೋಗಿ ಇಂಥ ಸುದ್ದಿಯ ಬಗ್ಗೆ ಕೇಳಬೇಕಾಗಿತ್ತು.

“ಚಿಗವ್ವಾ, ನಾ ಹೋಗಿ ಬಾಗಲಾ ಬಡದ್ರ ಯಾರೋ ಸರ್ವೇದಾಕಿ ಬಂದಾಳಂತ ಚಾ ಕುಡಿಸಿ ಕಳಸ್ತಾರ. ನೀ ಜೋಡಿ ಇದ್ರ ಕುಂದ್ರಿಸಿ ಮಾತಾಡ್ತಾರ.”

ನಮ್ಮ ಮನೆಯವರು ನಕ್ಕು, ಗೋವಾಕ್ಕೆ ಮಂದಿ ಮೋಜಿಗೆ ಹೋಗುತ್ತಾರೆ, ನೀನು ಸುಳ್ಳು ಹುಡುಕಲು ಹೊರಟೆ ಎಂದರು. ಆದರೆ ಟಿಕೆಟ್ ತೆಗೆಸಿ ಕೊಟ್ಟವರೂ ಅವರೇ. ಶಿವನು ಮಾಡಿದ ದೊಡ್ಡ ಉಪಕಾರಗಳನ್ನು ಎಲ್ಲರೂ ಲೆಕ್ಕ ಹಿಡಿಯುತ್ತಾರೆ. ನನಗೆ ಇಂಥ ಸಣ್ಣವೇ ಹೆಚ್ಚು ನೆನಪಿರುತ್ತವೆ.

ಮೊದಲ ಫಜೀತಿ ರೈಲಿನಲ್ಲೇ ಆಯಿತು. ಶೇಂಗಾ ಚಟ್ನಿಯ ಡಬ್ಬಿಯ ಮುಚ್ಚಳ ಸಡಿಲಾಗಿ ಚೀಲದೊಳಗಿನ ವಿಭೂತಿ ಗಟ್ಟಿಯ ಮೇಲೆಲ್ಲ ಖಾರದ ಪುಡಿ. ಕೊಡವಿದೆ, ಒರೆಸಿದೆ, ಹೋಗಲಿಲ್ಲ. ಮರುದಿನ ಪಲ್ಲವಿಯ ರೂಮಿನಲ್ಲಿ ಲಿಂಗಪೂಜೆಗೆ ಕೂತು ಆ ವಿಭೂತಿಯನ್ನೇ ಹಚ್ಚಿಕೊಂಡೆ. ಹಣೆ ಉರಿದು ಕಣ್ಣಲ್ಲಿ ನೀರು ಸುರಿಯಿತು. ಪಲ್ಲವಿ ನನ್ನ ಭಕ್ತಿ ಕಂಡು ಸುಮ್ಮನೆ ಬಾಗಿಲು ಮುಂದೆ ಮಾಡಿಕೊಂಡು ಹೋದಳು. ನಾನೂ ತಿದ್ದಲು ಹೋಗಲಿಲ್ಲ.

ಮಡಗಾಂವ್

ಅಲ್ಲಿ ಬೆಳಗಾಗುವುದು ಹಾಲಿನವನಿಂದಲ್ಲ, ಪಾವಿನವನಿಂದ. ಸೈಕಲ್ಲಿನ ಹಿಂದೆ ದೊಡ್ಡ ಬುಟ್ಟಿ ಕಟ್ಟಿಕೊಂಡು ಪೋಂ ಪೋಂ ಎಂದು ಹಾರ್ನ್ ಒತ್ತುತ್ತ ಬರುತ್ತಾನೆ. ಮನೆಮನೆಯಿಂದ ಹೆಂಗಸರು ಬಂದು ಬಿಸಿ ಪಾವು ಬ್ರೆಡ್ಡನ್ನು ಸೆರಗಿನಲ್ಲೋ ಚೀಲದಲ್ಲೋ ಹಾಕಿಸಿಕೊಳ್ಳುತ್ತಾರೆ. ಜೋಳದ ರೊಟ್ಟಿ ಬಡಿದು ಬಡಿದು ಅಂಗೈ ಗಟ್ಟಿಯಾದ ನನಗೆ, ಒಂದು ಊರಿಗೆ ಊರೇ ನಾಷ್ಟಾ ಕೊಂಡು ತಿನ್ನುವುದು ಕಂಡು ಮೊದಲು ಮರುಕ, ಮೂರನೆಯ ದಿನಕ್ಕೆ ಹೊಟ್ಟೆಕಿಚ್ಚು.

ಮೀನಿನ ವಾಸನೆಗೆ ಮಾತ್ರ ಸೆರಗು ಮೂಗಿನಿಂದ ಇಳಿಯಲಿಲ್ಲ. ಒಂದು ಖಾನಾವಳಿಯಲ್ಲಿ ಮಾಲಕಿಗೆ ನನ್ನ ಅವಸ್ಥೆ ತಿಳಿಯಿತು. ಆಕೆ ಕೊರಳಲ್ಲಿ ಶಿಲುಬೆ ಹಾಕಿಕೊಂಡವಳು. ಹೊಸ ಬಾಳೆಎಲೆ ತೊಳೆದು ತಂದು ಮೂಲೆಯ ಮೇಜಿನ ಮೇಲೆ ಹಾಸಿದಳು. ಬೇರೆ ಪಾತ್ರೆಯಲ್ಲಿ ಅನ್ನ ಮಾಡಿ ಬಡಿಸಿದಳು. ನಾನು ಕೈ ಮುಗಿದೆ. ಆಕೆ ಉಪ್ಪಿನಕಾಯಿ ಬೇಕೇನು ಎಂದಳು.

ಪಲ್ಲವಿಯ ರೂಮಿನ ಗೋಡೆಗೆ ಒಂದು ದೊಡ್ಡ ಕಾಗದ ಅಂಟಿಸಿತ್ತು. ನಡುವೆ ಒಂದು ಚುಕ್ಕಿ, ಅಲ್ಲಿಂದ ಸುತ್ತಲೂ ಗೆರೆಗಳು, ಗೆರೆಯ ತುದಿಗೆ ಮತ್ತೆ ಚುಕ್ಕಿ, ಅದರಿಂದ ಮತ್ತೆ ಗೆರೆ. ಕುಂಬಳ ಬಳ್ಳಿ ಹಬ್ಬಿದ ಹಾಗೆ. ಒಂದೊಂದು ಚುಕ್ಕಿ ಒಬ್ಬ ಮನುಷ್ಯನಂತೆ: ಒಂದು ಸುದ್ದಿಯನ್ನು ಇನ್ನೊಬ್ಬರಿಂದ ಪಡೆದು ಮತ್ತಷ್ಟು ಜನಕ್ಕೆ ಕಳಿಸಿದವನು. ಪಲ್ಲವಿ ಒಬ್ಬೊಬ್ಬರನ್ನೇ ಹಿಡಿದು “ನಿಮಗ ಯಾರು ಕಳಿಸಿದ್ರು, ನೀವು ಯಾರಿಗೆ ಕಳಿಸಿದ್ರಿ” ಎಂದು ಕೇಳುತ್ತ ಬಳ್ಳಿಯ ಬುಡಕ್ಕೆ ಬಂದಿದ್ದಳು. ಮುಂಬೈ, ಕುವೈತ್, ಪುಣೆ ಎಂದೆಲ್ಲ ಬರೆದಿತ್ತು. ನಮ್ಮ ಧಾರವಾಡವೂ ಇತ್ತು.

ಸುದ್ದಿ ಏನೆಂದು ಕೇಳಿದೆ. ಕಂಪ್ಯೂಟರಿನಲ್ಲಿ ತೋರಿಸಿದಳು. ಹಸಿರು ಫ್ರಾಕು ಹಾಕಿದ ಪುಟ್ಟ ಹುಡುಗಿ. ಎಡ ಹುಬ್ಬನ್ನು ಎರಡಾಗಿ ಸೀಳಿದ ಹಳೆಯ ಗಾಯದ ಗೀರು. ಹೆಸರು ರೇಣುಕಾ, ಐದು ವರ್ಷ, ಇವತ್ತು ಬೆಳಿಗ್ಗೆಯಿಂದ ಕಾಣೆಯಾಗಿದ್ದಾಳೆ, ಕಂಡವರು ಈ ನಂಬರಿಗೆ ಫೋನ್ ಮಾಡಿ, ದಯವಿಟ್ಟು ಎಲ್ಲರಿಗೂ ಕಳಿಸಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಕೂಸು ಸಿಗಲೇ ಇಲ್ಲವೇ ಎಂದೆ.

“ಅವತ್ತ ಸಂಜಿಗೇ ಸಿಕ್ಕಾಳ ಚಿಗವ್ವಾ. ಎರಡು ವರ್ಷಾತು. ಸುದ್ದಿ ಇನ್ನೂ ಅಡ್ಡಾಡಾಕತ್ತೈತಿ.”

‘ಇವತ್ತು’ ಎಂದು ಬರೆದವರು ಯಾವತ್ತು ಎಂದು ಬರೆದಿರಲಿಲ್ಲ. ಹೀಗಾಗಿ ಓದಿದವರಿಗೆಲ್ಲ ಅದು ಅವತ್ತಿನದೇ.

ವೆರ್ಣಾ

ವೆರ್ಣಾದ ಕಾರ್ಖಾನೆಗಳ ಹಿಂದೆ, ಕೆಂಪು ಮಣ್ಣಿನ ದಿಬ್ಬದ ಮೇಲೆ ಸಾಲು ಕೋಣೆಗಳು. ಗೋವಾದಲ್ಲಿ ನಿಂತಿದ್ದೇನೆ ಎಂಬುದೇ ಮರೆತುಹೋಯಿತು. ಬಾಗಿಲ ಮುಂದೆ ರೊಟ್ಟಿ ಬಡಿಯುವ ಸಪ್ಪಳ, ಗದುಗಿನ ಕಡೆಯ ಮಾತು. ಅಲ್ಲಿ ಹಣಮಂತ ಮತ್ತು ಶಾಂತವ್ವನ ಸಂಸಾರ. ಅವನು ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ಅವರಿಗೆ ಒಬ್ಬಳೇ ಮಗಳು. ನಾವು ಹೋದಾಗ ಅವಳು ಹೊಸ್ತಿಲ ಮೇಲೆ ಕೂತು ಪಾವಿನೊಳಗಿನ ಮೆತ್ತನೆಯದನ್ನು ಕಿತ್ತು ಕೋಳಿಗೆ ಹಾಕುತ್ತಿದ್ದಳು. ಈಗ ಏಳು ವರ್ಷ. ನಮ್ಮನ್ನು ಕಂಡದ್ದೇ ಕೂದಲನ್ನು ಎಡ ಹುಬ್ಬಿನ ಮೇಲೆ ಎಳೆದುಕೊಂಡಳು.

ಪಲ್ಲವಿ ಹೇಳಿದ್ದು ಖರೆ ಇತ್ತು. ಅವಳು ಕೇಳಿದಾಗ ಶಾಂತವ್ವ ಹೂಂ ಉಹೂಂ ಎಂದಳು. ನಾನು ಒಲೆಯ ಮುಂದೆ ಕೂತು ಹಿಟ್ಟು ನಾದತೊಡಗಿದ ಮೇಲೆ ಎಲ್ಲ ಹೇಳಿದಳು.

ಆಗಿದ್ದು ಇಷ್ಟು. ಅಲ್ಲಿ ಕೆಲಸದವರನ್ನು ಒಯ್ಯಲು ಕಂಪನಿಗಳ ಬಸ್ಸು ಬರುತ್ತವೆ. ಎಲ್ಲವೂ ಒಂದೇ ತರಹದ ಬಿಳಿ ಬಸ್ಸುಗಳು. ಅಪ್ಪ ಬಸ್ಸು ಹತ್ತಿದ್ದನ್ನು ಕಂಡ ಕೂಸು, ಹಿಂದೆಯೇ ನಿಂತಿದ್ದ ಮತ್ತೊಂದು ಬಸ್ಸನ್ನು ಹತ್ತಿ ಕಡೆಯ ಸೀಟಿನಲ್ಲಿ ಮಲಗಿಬಿಟ್ಟಿತು. ಆ ಬಸ್ಸು ಮಂದಿಯನ್ನು ಇಳಿಸಿ ದೂರದ ಕುಂಕಳ್ಳಿ ಎಂಬ ಊರಿಗೆ ಹೋಗಿ ನಿಂತಿತು. ಇತ್ತ ಹಾಹಾಕಾರ. ಹಣಮಂತನ ಕಂಪನಿಯ ಆಫೀಸಿನಲ್ಲಿದ್ದ ಲವೀನಾ ಎಂಬ ಹುಡುಗಿ ಫೋಟೋ ತರಿಸಿಕೊಂಡು, ಅವನ ನಂಬರು ಹಾಕಿ, ತನಗೆ ಗೊತ್ತಿದ್ದವರಿಗೆಲ್ಲ ಇ-ಮೇಲ್ ಮಾಡಿದಳು. ಸಂಜೆ ಡ್ರೈವರು ಬಸ್ಸು ತೊಳೆಯಲು ಹತ್ತಿದಾಗ ಕೂಸು ಎದ್ದು ನೀರು ಕೇಳಿತಂತೆ. ಅವನೇ ಎತ್ತಿಕೊಂಡು ಬಂದು ಕೊಟ್ಟ.

ದೇವರ ದಯೆ. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಫೋನು ಬರುತ್ತಲೇ ಹೋಯಿತು. ಸಿಕ್ಕಳೇ, ಸಿಕ್ಕಳೇ. ಒಬ್ಬರು ಪುಣೆಯಲ್ಲಿ ಕಂಡೆವು ಎನ್ನುತ್ತಾರೆ, ಮತ್ತೊಬ್ಬರು ಫೋನಿನಲ್ಲೇ ಅಳುತ್ತಾರೆ. ನಂಬರು ಬದಲಿಸೋಣ ಎಂದರೆ ಹಣಮಂತನಿಗೆ ಒಂದು ಹೆದರಿಕೆ: ನಂಬರು ಹತ್ತದಿದ್ದರೆ ಹುಡುಗಿಯನ್ನು ಕಂಡವರು ನೇರ ಪೋಲೀಸರ ಹತ್ತಿರ ಹೋಗುತ್ತಾರೆ.

ಹೆದರಿಕೆಗೆ ಕಾರಣವಿತ್ತು. ಹೋದ ವರ್ಷದ ಬೇಸಿಗೆಯಲ್ಲಿ ಅವನು ಮಗಳನ್ನು ಕರೆದುಕೊಂಡು ರೈಲಿನಲ್ಲಿ ಊರಿಗೆ ಹೊರಟಿದ್ದ. ಯಾರೋ ಹುಬ್ಬಿನ ಗೀರು ಗುರುತಿಸಿದರು. ಡಬ್ಬಿಯ ಮಂದಿಯೆಲ್ಲ ಸೇರಿ ಅವನನ್ನು ದಾರಿಯ ಸ್ಟೇಷನ್ನಿನಲ್ಲಿ ಇಳಿಸಿದರು. ಅವನು ಅಪ್ಪ ಎಂದು ತಿಳಿಯುವುದರೊಳಗೆ ಮಗಳ ಕಣ್ಣೆದುರೇ ಏಟು ಬಿದ್ದಿದ್ದವು. ಅಂದಿನಿಂದ ಹುಡುಗಿ ರೈಲು ಹತ್ತಿಲ್ಲ. ಶಾಂತವ್ವ ಗದುಗಿನ ತವರು ಕಂಡಿಲ್ಲ.

“ಹೊಡದವ್ರೂ ಕೆಟ್ಟವ್ರಲ್ರಿ ಅಕ್ಕಾರ,” ಎಂದಳು ಶಾಂತವ್ವ. “ನನ್ನ ಕೂಸಿನ ಸಲುವಾಗೇ ಹೊಡದ್ರು. ಯಾರಿಗೆ ಬೈಲಿ ಹೇಳ್ರಿ?”

ನಾನು ಧಾರವಾಡದಿಂದ ಬರುವಾಗ, ಸುಳ್ಳು ಸುದ್ದಿ ಹಬ್ಬಿಸುವವರು ಕೆಟ್ಟವರೇ ಇರಬೇಕೆಂದು ತಿಳಿದಿದ್ದೆ. ಆ ಗೋಡೆಯ ಬಳ್ಳಿಯಲ್ಲಿ ನನಗೆ ಒಬ್ಬ ಕೆಟ್ಟವನೂ ಸಿಗಲಿಲ್ಲ.

ಈಗ ತಮ್ಮನಿಗೆ ಗಂಡು ಹುಟ್ಟಿದೆ, ಬರುವ ವಾರ ತೊಟ್ಟಿಲು ಎಂದಳು ಶಾಂತವ್ವ. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಊದುವವಳು ಸೋದರತ್ತೆ. ತಮ್ಮನ ಮೊದಲ ಕೂಸಿಗೆ ಇವಳು ಹೋಗಲಾಗಲಿಲ್ಲ. ಓಣಿಯ ಹೆಂಗಸೊಬ್ಬಳು ಅತ್ತೆಯ ಜಾಗದಲ್ಲಿ ಕೂತು ಹೆಸರು ಕರೆದಳಂತೆ. ಈ ಸಲವೂ ಬರದಿದ್ದರೆ ನಮಗೆ ಅಕ್ಕ ಇಲ್ಲ ಎಂದು ತಿಳಿಯುತ್ತೇವೆ ಎಂದು ತಮ್ಮ ಫೋನಿನಲ್ಲಿ ಹೇಳಿಬಿಟ್ಟಿದ್ದ. ಗಂಡನಿಗೆ ಪಾಳಿ, ರಜೆ ಇಲ್ಲ. ಮಗಳನ್ನು ಬಿಟ್ಟು ಹೋಗುವ ಹಾಗಿಲ್ಲ, ಕರೆದೊಯ್ಯಲು ಧೈರ್ಯವಿಲ್ಲ. ಇದನ್ನು ಹೇಳುವಾಗ ಅವಳು ರೊಟ್ಟಿ ತಿರುವಿ ಹಾಕುವುದನ್ನು ಮರೆತಳು. ಒಂದು ಮಗ್ಗುಲು ಪೂರಾ ಕಪ್ಪಾಯಿತು.

ಮರಳಿ ವೆರ್ಣಾ, ರವಿವಾರ

ರವಿವಾರ ಲವೀನಾ ಅಲ್ಲಿಗೇ ಬಂದಳು. ಪ್ರತಿ ತಿಂಗಳೂ ಬರುತ್ತಾಳಂತೆ, ರೇಣುಕಾಳಿಗೆ ಕೇಕು ಹಿಡಿದುಕೊಂಡು. ಹುಡುಗಿ ಸಿಕ್ಕ ಮರುದಿನವೇ ಇನ್ನೊಂದು ಮೇಲ್ ಮಾಡಿದ್ದಳಂತೆ, ಸಿಕ್ಕಿದ್ದಾಳೆ, ದೇವರಿಗೆ ಸ್ತೋತ್ರ ಎಂದು. ಅದನ್ನು ಓದಿ ಎಲ್ಲರೂ ಸಂತೋಷಪಟ್ಟರು, ಯಾರೂ ಮುಂದೆ ಕಳಿಸಲಿಲ್ಲ. ಪಲ್ಲವಿಯ ಬಳ್ಳಿಯಲ್ಲಿ ಆ ಎರಡನೆಯ ಸುದ್ದಿಯ ಗೆರೆ ಎರಡು ಬೆರಳಿನಷ್ಟು ಹೋಗಿ ನಿಂತಿತ್ತು.

ಅದರಲ್ಲಿ ನನಗೆ ಆಶ್ಚರ್ಯವೇನೂ ಕಾಣಲಿಲ್ಲ. ದೇವರಿಗೆ ಹರಕೆ ಹೊರುವಾಗ ಓಡಿ ಹೋಗುತ್ತೇವೆ. ಕೆಲಸವಾದ ಮೇಲೆ ತೀರಿಸಲು ಮುಂದಿನ ಜಾತ್ರೆ, ಅದರ ಮುಂದಿನ ಜಾತ್ರೆ ಎನ್ನುತ್ತೇವೆ. ಇದನ್ನು ಹೇಳಿದಾಗ ಪಲ್ಲವಿ ನಕ್ಕು, ಇಷ್ಟನ್ನೇ ಹೇಳಲು ತಮ್ಮ ಸಂಶೋಧಕರು ಇಪ್ಪತ್ತು ಪುಟ ಬರೆಯುತ್ತಾರೆ ಎಂದಳು.

ಪಲ್ಲವಿಯ ಮನಸ್ಸಿನಲ್ಲಿದ್ದದ್ದು ಹೀಗೆ: ರೇಣುಕಾಳ ಈಗಿನ ಫೋಟೋ ತೆಗೆದು, ಹಳೆಯದರ ಪಕ್ಕದಲ್ಲಿಟ್ಟು, ಇವಳು ಮನೆಯಲ್ಲಿದ್ದಾಳೆ ಎಂದು ತಾರೀಖು ಸಹಿತ ಎಲ್ಲೆಡೆ ಕಳಿಸುವುದು. ಶಾಂತವ್ವ ಮಗಳನ್ನು ಬೆನ್ನ ಹಿಂದೆ ಎಳೆದುಕೊಂಡಳು.

“ಬ್ಯಾಡ್ರಿ ಬಾಯಾರ. ಒಂದು ಫೋಟೋನ ಇನ್ನೂ ಮನಿಗೆ ಬಂದಿಲ್ಲ. ಎರಡನೇದು ಎಲ್ಲಿಗೆ ಅಂತ ಕಳಸ್ಲಿ?”

ಪಲ್ಲವಿಯ ಮುಖ ಸಣ್ಣದಾಯಿತು. ಕ್ಯಾಮೆರಾ ಚೀಲದಲ್ಲಿಟ್ಟಳು. ಅದನ್ನು ಮತ್ತೆ ಹೊರಗೆ ತೆಗೆಯಲಿಲ್ಲ, ಅದಕ್ಕಾಗಿ ಅವಳ ಮೇಲೆ ನನಗೆ ಮಮತೆ ಹೆಚ್ಚಾಯಿತು. ಆಮೇಲೆ ಅವಳೂ ಲವೀನಾಳೂ ಕೂತು ಬೇರೆ ದಾರಿ ಹಿಡಿದರು. ಎಲ್ಲರಿಗೂ ಒಂದೇ ಸಲ ಕೂಗಿ ಹೇಳುವುದು ಬೇಡ. ಬಳ್ಳಿಯಲ್ಲಿರುವ ಒಬ್ಬೊಬ್ಬರಿಗೂ ಫೋನ್ ಮಾಡಿ, ನೀವು ಯಾರಿಗೆ ಕಳಿಸಿದ್ದಿರೋ ಅವರಿಗೆ ನೀವೇ ಬಾಯಿಯಿಂದ ಹೇಳಿರಿ ಎಂದು ಕೇಳುವುದು. ನಿಧಾನದ ಕೆಲಸ. ಗುರುತಿನವರು ಹೇಳಿದ್ದು ಮನಸ್ಸಿನಲ್ಲಿ ನಿಲ್ಲುತ್ತದೆ ಎಂದು ಪಲ್ಲವಿಯ ನಂಬಿಕೆ. ಧಾರವಾಡದ ಚುಕ್ಕಿಯನ್ನು ನನ್ನ ಪಾಲಿಗೆ ಕೊಟ್ಟರು. ಯಾರೋ ಮಾಸ್ತರರು. ಫೋನ್ ಮಾಡಿ ಹೇಳಿದೆ. ಅವರು “ಛಲೋ ಆತ್ರಿ ಯವ್ವಾ,” ಎಂದರು. ಮತ್ತೆ ಕೇಳಿ ಖಾತ್ರಿ ಮಾಡಿಕೊಂಡರು.

ಫೋಂಡಾ ಕಡೆಯ ಗುಡಿ

ಆದರೆ ಒಂದು ವಾರದಲ್ಲಿ ಎಷ್ಟು ಮಂದಿಗೆ ಹೇಳಿ ಮುಗಿದೀತು? ತೊಟ್ಟಿಲ ದಿನ ಹತ್ತಿರ ಬಂತು. ಶಾಂತವ್ವ ದೇವಿಯನ್ನೇ ಕೇಳುತ್ತೇನೆ ಎಂದಳು.

ಗೋವಾದ ಗುಡಿಗಳ ಚೊಕ್ಕತನ ನೋಡಿ ನಮ್ಮವರು ಕಲಿಯಬೇಕು. ಅಂಗಳದಲ್ಲಿ ಬಿಳಿಯ ಎತ್ತರದ ದೀಪಮಾಲೆ, ತಣ್ಣನೆಯ ಕಲ್ಲುಹಾಸು, ಕಾಯಿ ಒಡೆದ ನೀರು ಎಲ್ಲಿಯೂ ಅಂಟಿಲ್ಲ. ಅಲ್ಲಿ ಒಂದು ಪದ್ಧತಿ ಇದೆ. ದೇವಿಯ ಮೈಮೇಲೆ ನೀರು ಹಚ್ಚಿ ಹೂವಿನ ಎಸಳು ಅಂಟಿಸುತ್ತಾರೆ. ಭಕ್ತರ ಪ್ರಶ್ನೆಯನ್ನು ಭಟ್ಟರು ಗಟ್ಟಿಯಾಗಿ ದೇವಿಗೆ ಹೇಳುತ್ತಾರೆ. ಬಲಗಡೆಯ ಎಸಳು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಮನೆ ಕಟ್ಟುವುದು, ಹೆಣ್ಣು ಕೊಡುವುದು, ಎಲ್ಲ ಕೇಳುತ್ತಾರಂತೆ. ನಮಗಿಂತ ಮೊದಲು ಒಬ್ಬ ಕೋಟು ಹಾಕಿದ ಗೃಹಸ್ಥರು ಕೇಳಿ ಬಲಗಡೆ ಪಡೆದು ಹೋದರು.

ಮಗಳನ್ನು ಕರೆದುಕೊಂಡು ತವರಿಗೆ ಹೋಗಲೇ ಎಂದು ಭಟ್ಟರು ಕೊಂಕಣಿಯಲ್ಲಿ ಕೇಳಿದರು. ನಾವು ನೋಡುತ್ತ ಕೂತೆವು. ಸುಳ್ಳು-ಖರೆ ಬೇರೆ ಮಾಡುವ ಓದು ಓದಿದ ಪಲ್ಲವಿಯೂ ಎಸಳಿನ ಮೇಲಿಂದ ಕಣ್ಣು ಕೀಳಲಿಲ್ಲ. ಎಸಳು ಬೀಳಲೇ ಇಲ್ಲ. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಕಾಲು ಜೋಮು ಹಿಡಿದವು. ಕೊನೆಗೆ ಭಟ್ಟರು ನಾಳೆ ಬನ್ನಿ ಎಂದರು. ನಾಳೆ ನನ್ನ ರೈಲು. ಶಾಂತವ್ವ ಹೋಗುವುದಾದರೆ ಅವಳದೂ ಅದೇ.

ಮೆಟ್ಟಿಲ ಮೇಲೆ ಬಂದು ಕೂತೆವು. ನಾನು ಹೆದರುತ್ತ, ನನ್ನ ಜೊತೆ ಬಾ, ಧಾರವಾಡದ ತನಕ ನಾನಿರುತ್ತೇನೆ ಎಂದೆ. ಶಾಂತವ್ವ ಗುಡಿಯ ಕಡೆ ತಿರುಗಿ ಕೈ ಮುಗಿದಳು.

“ತಾಯಿ ಹೂವ ಹಿಡಕೊಂಡು ಕುಂತಾಳಂದ್ರ, ನಿನ್ನ ಮಗಳನ್ನ ನೀನ ನೋಡ್ಕೋ ಅಂದಂಗಲ್ರೀ ಅಕ್ಕಾರ?”

ನಾನು ಹೌದೆಂದೆ. ದೇವಿ ಮಾಡಿದ್ದಕ್ಕೆ ಅರ್ಥ ಹೇಳುವಷ್ಟು ದೊಡ್ಡವಳಲ್ಲ ನಾನು. ಆದರೆ ಅವಳ ದನಿಯಲ್ಲಿ ಆ ಹೊತ್ತಿಗೆ ಅಳು ಇರಲಿಲ್ಲ.

ವಾಪಸು ರೈಲು

ಹಣಮಂತ ಸ್ಟೇಷನ್ನಿಗೆ ಬಂದು, ಕಿಟಕಿಯ ಸರಳು ಹಿಡಿದು, ರೈಲು ಹೊರಡುವ ತನಕ ಮಗಳ ಮುಖ ನೋಡಲೇ ಇಲ್ಲ. ಹೆಂಡತಿಗೆ ನೀರಿನ ಬಾಟಲಿಯ ವಿಷಯವನ್ನೇ ಹೇಳುತ್ತಿದ್ದ.

ಘಟ್ಟದ ಬುಡದ ಕುಳೆಂ ಸ್ಟೇಷನ್ನಿನಲ್ಲಿ ನಮ್ಮೆದುರಿನ ಸೀಟಿಗೆ ವಯಸ್ಸಾದ ಗೋವಾದ ಹೆಂಗಸೊಬ್ಬಳು ಬಂದು ಕೂತಳು. ಹೂಹೂವಿನ ಫ್ರಾಕು, ಕೈಯಲ್ಲಿ ಜಪಮಾಲೆ. ಹುಬ್ಬಳ್ಳಿಯಲ್ಲಿ ಮಗಳ ಮನೆಗೆ ಹೊರಟವಳು. ಅವಳ ಪಕ್ಕದಲ್ಲಿ ಬೆಲ್ಟಿಗೆ ಮೊಬೈಲ್ ಸಿಕ್ಕಿಸಿಕೊಂಡ ನಮ್ಮ ಕಡೆಯ ಒಬ್ಬ ಗೃಹಸ್ಥ. ಗಾಳಿಗೆ ರೇಣುಕಾಳ ಕೂದಲು ಹಾರಿತು. ಆ ಹೆಂಗಸು ನೋಡಿದಳು. ಮತ್ತೆ ನೋಡಿದಳು. ಜಪಮಾಲೆಯ ಮಣಿ ನಿಂತಿತು. ನಿನ್ನ ಹೆಸರೇನು ಬೇಟಿ ಎಂದು ಹಿಂದಿಯಲ್ಲಿ ಕೇಳಿದಳು.

ಶಾಂತವ್ವ ಮಗಳ ಮಣಿಕಟ್ಟು ಹಿಡಿದುಕೊಂಡಳು. ಅಷ್ಟರಲ್ಲಿ ಸುರಂಗ ಬಂತು. ಡಬ್ಬಿಯೆಲ್ಲ ಕತ್ತಲೆ, ಗಾಲಿಗಳ ಸದ್ದು. ನಾನು ಪಂಚಾಕ್ಷರಿ ಹೇಳಿಕೊಳ್ಳುತ್ತಿದ್ದೆ. ಬೆಳಕು ಬಂದಾಗ ಶಾಂತವ್ವ ತಾನೇ ಮಗಳ ಕೂದಲನ್ನು ಹುಬ್ಬಿನ ಮೇಲಿಂದ ಹಿಂದಕ್ಕೆ ಸರಿಸಿ ನೆಟ್ಟಗೆ ಕೂತಿದ್ದಳು.

“ಈಕಿನ ರೇಣುಕಾ. ಕಳದಿದ್ದಳು. ಅವತ್ತ ಸಂಜಿಗೇ ಸಿಕ್ಕಾಳ. ನಾ ಈಕಿ ತಾಯಿ.” ಕನ್ನಡದಲ್ಲಿ ಹೇಳಿ, ಮತ್ತೆ ತನಗೆ ಬಂದಷ್ಟು ಹಿಂದಿಯಲ್ಲಿ ಹೇಳಿದಳು.

ಮೊಬೈಲಿನ ಗೃಹಸ್ಥ ಮುಂದಕ್ಕೆ ಬಾಗಿದ. ತನಗೂ ಆ ಫೋಟೋ ಬಂದಿದೆ ಎಂದ. “ತಾಯಿ ಅಂತ ಯಾರು ಬೇಕಾದ್ರೂ ಅಂತಾರ್ರಿ. ಖರೇ ಅನ್ನಾಕ ಏನೈತಿ?”

ಪಲ್ಲವಿಗೆ ಫೋನ್ ಮಾಡೋಣವೆಂದರೆ ಘಟ್ಟದಲ್ಲಿ ಸಿಗ್ನಲ್ ಇಲ್ಲ. ನನ್ನ ಮಾತನ್ನಾದರೂ ಅವನು ಯಾಕೆ ನಂಬಬೇಕು? ಹಣಮಂತನನ್ನು ಇಳಿಸಿದ ಡಬ್ಬಿಯಲ್ಲೂ ಹೀಗೆಯೇ ಶುರುವಾಗಿರಬೇಕು. ಆಚೆ ಸೀಟಿನವರು ಎದ್ದು ನೋಡತೊಡಗಿದರು.

ಆಗ ರೇಣುಕಾ ತಾಯಿಯ ಕೈಯನ್ನು ಕೊಡವಿ ಜಬರಿಸಿದಳು: “ಕೈ ಬಿಡವ್ವಾ, ನೋಯಾಕತ್ತೈತಿ. ನಾ ಏನ್ ಓಡಿ ಹೊಂಟೇನೇನು? ನಿನ್ನಿಂದ ದಿನಾ ಇದ ಆತು.”

ಮಾತು ಪೂರಾ ತಿಳಿಯದಿದ್ದರೂ ಆ ಧಾಟಿಗೆ ಎದುರಿನ ಹೆಂಗಸು ಜೋರಾಗಿ ನಕ್ಕುಬಿಟ್ಟಳು. ಮಕ್ಕಳ ಕಳ್ಳಿಯ ಜೊತೆ ಇರುವ ಕೂಸು ಹೆದರಿ ಮುದುರುತ್ತದೆ, ಹೀಗೆ ಬೈಯುವುದು ಹೆತ್ತ ತಾಯಿಗೆ ಮಾತ್ರ. ತನ್ನ ನಾಲ್ಕು ಮಕ್ಕಳೂ ಇವತ್ತಿಗೂ ಹೀಗೆಯೇ ಬೈಯುತ್ತಾರೆ ಎಂದಳು. ಆ ಗೃಹಸ್ಥನ ಮುಖವೂ ಸಡಿಲಾಯಿತು. ಅವನೂ ಮಕ್ಕಳೊಂದಿಗನೇ ಇರಬೇಕು. ಆಚೆಯವರು ಕೂತರು. ಆದರೆ ನಗುತ್ತಿದ್ದ ಆ ಹೆಂಗಸು ಅಷ್ಟರಲ್ಲೇ ಅಳತೊಡಗಿದ್ದಳು. ಕುವೈತಿನಲ್ಲಿರುವ ಮಗ ಆ ಫೋಟೋ ಕಳಿಸಿದ್ದನಂತೆ. ಅಂದಿನಿಂದ ರಾತ್ರಿಯ ಪ್ರಾರ್ಥನೆಯಲ್ಲಿ ಮನೆಯವರ ಹೆಸರುಗಳ ಕೊನೆಗೆ ಈ ಹೆಸರನ್ನೂ ಸೇರಿಸಿ ಹೇಳುತ್ತಿದ್ದಳಂತೆ. ಸಿಕ್ಕಳೋ ಇಲ್ಲವೋ ತಿಳಿಯದೆ ನಿಲ್ಲಿಸಲು ಮನಸ್ಸಾಗಿರಲಿಲ್ಲ.

ಶಾಂತವ್ವ ಇದನ್ನು ಕೇಳಿ ಎದ್ದು ಆಕೆಯ ಕಾಲು ಮುಟ್ಟಿದಳು. ಯಾರೋ ಗೊತ್ತಿಲ್ಲದವರು ಎರಡು ವರ್ಷ ತನ್ನ ಮಗಳ ಹೆಸರು ಹಿಡಿದು ಬೇಡಿಕೊಂಡಿದ್ದರೆಂದು ಅವಳಿಗೆ ಅವತ್ತಿನ ತನಕ ಗೊತ್ತಿರಲಿಲ್ಲ.

ಕ್ಯಾಸಲ್‌ರಾಕ್ ದಾಟಿ ಸಿಗ್ನಲ್ ಬಂದದ್ದೇ ಆಕೆ ಫೋನ್ ಹಚ್ಚಿದಳು. ಮಗನಿಗೆ, ತಂಗಿಗೆ, ಚರ್ಚಿನ ಗೆಳತಿಗೆ. “ಚೆಡುಂ ಮೆಳ್ಳೆಂ, ಚೆಡುಂ ಮೆಳ್ಳೆಂ.” ಹುಡುಗಿ ಸಿಕ್ಕಳು ಎಂದು ಅರ್ಥವೆಂಬುದನ್ನು ನಮಗೆ ಯಾರೂ ಹೇಳಬೇಕಾಗಲಿಲ್ಲ. ಎದುರಿನ ಗೃಹಸ್ಥನೂ ಮೊಬೈಲ್ ತೆಗೆದು, ತನಗೆ ಕಳಿಸಿದ ದೋಸ್ತನಿಗೆ ಹೇಳುತ್ತಿದ್ದ, ಖರೇನೋ ಮಾರಾಯ, ನನ್ನ ಮುಂದನ ಕುಂತಾಳ, ತಾಯಿಗೆ ಬೈಯಾಕತ್ತಾಳ ಎಂದು.

ಧಾರವಾಡ ಬಂದಾಗ ಬಿಸಿಲು ಇಳಿದಿತ್ತು. ನಾನು ಚೀಲ ಎತ್ತಿಕೊಂಡು ನೋಡಿದರೆ ಶಾಂತವ್ವ ಕಿಟಕಿಗೆ ತಲೆಯಾನಿಸಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಕೈಯೆರಡೂ ಮಡಿಲಲ್ಲಿ ಸಡಿಲಾಗಿ ಬಿದ್ದಿದ್ದವು. ಎದುರಿನ ಸೀಟಿನಲ್ಲಿ ರೇಣುಕಾ ಆ ಹೆಂಗಸಿನ ತೊಡೆಗೆ ಒರಗಿ ಕೂತಿದ್ದಳು. ಆಕೆ ಹುಡುಗಿಯ ಕೂದಲನ್ನೆಲ್ಲ ಹಿಂದಕ್ಕೆ ಬಾಚಿ ಬಿಗಿಯಾಗಿ ಒಂದು ಜಡೆ ಹಾಕುತ್ತಿದ್ದಳು. ಹುಬ್ಬಿನ ಗೀರು ಬಿಸಿಲಿಗೆ ಬಿಳಿಯಾಗಿ ಕಾಣುತ್ತಿತ್ತು.

ತಾಯಿಗೆ ಹೇಳಿ ಇಳಿಯೋಣವೆಂದು ಕೈ ಮುಂದೆ ಮಾಡಿದೆ. ರೇಣುಕಾ ತುಟಿಯ ಮೇಲೆ ಬೆರಳಿಟ್ಟಳು.

“ಎಬ್ಬಸ್ಬ್ಯಾಡ್ರಿ. ಗದಗ ಬಂದಾಗ ನಾ ಎಬ್ಬಸ್ತೇನಿ.”